ಮುದ್ದೆಯ ಎಸರಿಗೆ ಮಳೆನೀರು: ಚಾವಣಿಯಿಂದ ಒಲೆಯವರೆಗೆ

ಕೋಲಾರ ಜಿಲ್ಲೆಯ ಬಹಳಷ್ಟು ಮನೆಗಳಲ್ಲಿ ನೀರಿಗೂ ಪಂಕ್ತಿಭೇದವಿದೆ. ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ 20 ಲೀಟರಿನ ಕ್ಯಾನ್ ಕುಡಿಯುವುದಕ್ಕೆ. ಮುದ್ದೆಯ ಎಸರಿಗೆ, ಸಾರಿಗೆ, ಅನ್ನಕ್ಕೆ ಕೊಳವೆಬಾವಿಯ ನಲ್ಲಿ ನೀರು. ಆದರೆ ಕೊಳವೆಬಾವಿಯ ನೀರಿನಲ್ಲಿ ಹಲವೆಡೆ ಹೆಚ್ಚಾಗಿರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ಕುದಿಸಿದರೆ ಹೋಗುವಂಥದ್ದಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಏರುತ್ತದೆ. ಎಸರನ್ನೆಲ್ಲ ಹೀರಿಕೊಂಡ ಮುದ್ದೆಯ ಜೊತೆ ಅದೂ ತಟ್ಟೆಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿಯನ್ನು ಅಡುಗೆಯ ನೀರಿಗೂ ಹಿಡಿಯಬೇಕು.

ಆರ್‌ಒ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆ, ನಿಜ. ಆದರೆ ಮನೆಯ ಯಂತ್ರಗಳು ಸಾಮಾನ್ಯವಾಗಿ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಹೊರಗೆ ಬಿಡುತ್ತವೆ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು ಒಂದೂವರೆಯಿಂದ ಎರಡು ಯೂನಿಟ್ ವಿದ್ಯುತ್ ಬೇಕು. ಅಷ್ಟು ಖರ್ಚು ಮಾಡಿ ಮೇಲೆ ತಂದದ್ದರಲ್ಲಿ ಮೂರನೇ ಎರಡರಿಂದ ಮುಕ್ಕಾಲು ಪಾಲು ಮೋರಿಗೆ! ಈಗಾಗಲೇ ಯಂತ್ರವಿರುವವರು ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಲಿ. ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಗಳಿಗೆ ಬೇಡ.

ಮಳೆನೀರಿನಲ್ಲಿ ಫ್ಲೋರೈಡ್‌ನ ಭಯವಿಲ್ಲ. ‘ನಮ್ಮಲ್ಲಿ ಮಳೆಯೇ ಎಲ್ಲಿದೆ’ ಎನ್ನುವವರು ಒಮ್ಮೆ ಲೆಕ್ಕ ಹಾಕಬೇಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. 1,000 ಚದರ ಅಡಿಯ ಚಾವಣಿಯಿಂದ, ನಷ್ಟ ಕಳೆದರೂ 50 ಸಾವಿರ ಲೀಟರ್ ದಕ್ಕುತ್ತದೆ. ಕುಡಿಯಲು, ಅಡುಗೆಗೆ ಐದು ಜನರ ಮನೆಗೆ ದಿನಕ್ಕೆ 25 ಲೀಟರ್ ಹಿಡಿಯಿರಿ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೆ 4,000 ಲೀಟರಿಗಿಂತ ಕಡಿಮೆ ಸಾಕು. ಅಂದರೆ 5,000 ಲೀಟರಿನ ತೊಟ್ಟಿ. ಸ್ನಾನಕ್ಕೂ ಬಟ್ಟೆಗೂ ಸೇರಿಸಿ ದೊಡ್ಡ ಸಂಪು ತೋಡಲು ಹೊರಟವರೇ ಖರ್ಚಿಗೆ ಹೆದರಿ ಕೈಬಿಡುವುದು.

ಮೊದಲ ಹೆಜ್ಜೆ ಚಾವಣಿ. ಆರ್‌ಸಿಸಿ, ಮಂಗಳೂರು ಹೆಂಚು, ಜಿಂಕ್ ಶೀಟ್ ಆಗಬಹುದು. ಆಸ್‌ಬೆಸ್ಟಾಸ್ ಶೀಟಿನ ನೀರು ಕುಡಿಯಲು ಬೇಡ. ಮುಂಗಾರಿಗೆ ಮುಂಚೆ ಗುಡಿಸಿ, ಮೇಲೆ ಚಾಚಿದ ಕೊಂಬೆ ಕಡಿದು, ಪಾರಿವಾಳಗಳಿಗೆ ಬೇರೆ ಜಾಗ ತೋರಿಸಿ.

ಎರಡನೆಯದು, ಹೆಚ್ಚಿನವರು ಎಡವುವ ಜಾಗ: ಮೊದಲ ಮಳೆಯನ್ನು ಹೊರಗೆ ಬಿಡುವುದು. ದೂಳು, ಹಿಕ್ಕೆ ಎಲ್ಲ ಮೊದಲ ಒಂದೆರಡು ಮಿಲಿಮೀಟರ್‌ನಲ್ಲೇ ತೊಳೆದು ಬರುತ್ತದೆ. ಮೇಲಿನ ಅಳತೆಯ ಚಾವಣಿಗೆ ಅದು 100ರಿಂದ 200 ಲೀಟರ್. ಇಳಿಕೊಳವೆಗೆ ‘ಟಿ’ ಜೋಡಿಸಿ ಒಂದು ಕವಲನ್ನು ಮುಚ್ಚಿದ ಡ್ರಮ್ಮಿಗೆ ಕೊಡಿ. ಡ್ರಮ್ ತುಂಬಿದ ಮೇಲೆ ಬರುವ ನೀರು ತಾನಾಗಿಯೇ ಶೋಧಕದ ಕಡೆ ತಿರುಗುತ್ತದೆ. ಮಳೆ ನಿಂತ ಮೇಲೆ ಡ್ರಮ್ಮಿನ ಬುಡದ ನಲ್ಲಿ ಬಿಚ್ಚಿ ಖಾಲಿ ಮಾಡಲು ಮರೆತರೆ ಮುಂದಿನ ಮಳೆಯ ಕೊಳೆ ನೇರ ತೊಟ್ಟಿಗೆ.

ಶೋಧಕಕ್ಕೆ ಇನ್ನೊಂದು ಡ್ರಮ್: ತಳದಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ, ಮೇಲೆ ತೊಳೆದ ಮರಳು, ಅದರ ಮೇಲೆ ಬಲೆ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು ತೊಳೆಯಿರಿ. ತೊಟ್ಟಿಯೊಳಗೆ ಬೆಳಕು ಹೋಗಬಾರದು, ಹೋದರೆ ಪಾಚಿ. ಗಾಳಿಕೊಳವೆಗೂ ಹೊರಹರಿವಿಗೂ ಸೊಳ್ಳೆ ಪರದೆ ಕಟ್ಟಿ. ಡೆಂಗಿ ಹರಡುವ ಸೊಳ್ಳೆಗೆ ಶುದ್ಧ ನೀರೇ ಇಷ್ಟ.

ಮರಳು ರೋಗಾಣುಗಳನ್ನು ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ಕುಡಿಯುವ ಪಾಲನ್ನು ಕುದಿಸಿ. ಗ್ಯಾಸ್ ಉಳಿಸಬೇಕೆಂದರೆ, ಪಾರದರ್ಶಕ ಪೆಟ್ ಬಾಟಲಿಯಲ್ಲಿ ತಿಳಿನೀರು ತುಂಬಿ ಆರು ಗಂಟೆ ಪೂರ್ಣ ಬಿಸಿಲಿಗೆ ಮಲಗಿಸಿಡಿ. ಮೋಡವಿದ್ದರೆ ಎರಡು ದಿನ. ಅಡುಗೆಯ ನೀರು ಹೇಗೂ ಕುದಿಯುತ್ತದೆ.

ಲಾಭ ಒಲೆಯ ಮೇಲೂ ಕಾಣುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನು ಬಿಗಿಗೊಳಿಸುತ್ತದೆ. ಮಳೆನೀರಿನಲ್ಲಿ ರಾತ್ರಿ ನೆನೆಸಿದ ಹುರುಳಿ, ಅಲಸಂದೆ ಬೇಗ ಬೇಯುತ್ತವೆ. ಇನ್ನು ಬಸ್ಸಾರಿನ ವಿಷಯ: ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟನ್ನೇ ಸಾರು ಮಾಡುವ ಈ ಸೀಮೆಯ ಅಡುಗೆಯಲ್ಲಿ ಒಂದು ತೊಟ್ಟು ನೀರೂ ದಂಡವಾಗುವುದಿಲ್ಲ. ಆ ನೀರು ಒಳ್ಳೆಯದಾಗಿರಬೇಕು ಎನ್ನುವುದಕ್ಕೆ ಬೇರೆ ಕಾರಣ ಬೇಕೇ?

ತೊಟ್ಟಿ ತುಂಬಿ ಹೆಚ್ಚಾದ ನೀರನ್ನು ಇಂಗುಗುಂಡಿಗೆ ಹರಿಸಿ. ಬತ್ತಿದ ಕೊಳವೆಬಾವಿಯ ಕೇಸಿಂಗ್‌ಗೆ ಚಾವಣಿಯ ನೀರನ್ನು ಶೋಧಿಸದೆ ನೇರವಾಗಿ ಸುರಿಯುವ ಚಾಳಿ ಅಲ್ಲಲ್ಲಿ ಕಾಣುತ್ತದೆ. ಕೊಳೆ ಹಾಗೆಯೇ ಅಂತರ್ಜಲಕ್ಕೆ ಇಳಿದರೆ ಅಕ್ಕಪಕ್ಕದವರ ಬಾವಿಯೂ ಕೆಡುತ್ತದೆ. ಕೇಸಿಂಗ್ ಸುತ್ತ ಗುಂಡಿ ತೆಗೆದು, ಕಲ್ಲು, ಜಲ್ಲಿ, ಮರಳು ತುಂಬಿ, ಅದರ ಮೂಲಕ ಇಂಗಿಸುವುದು ಸರಿಯಾದ ಕ್ರಮ.