ಬರ್ಲಿನ್‌ಗೆ ಹೊರಟ ಮನೆಯವರಿಗೆ: ಮಗುವಿನ ಕೀಟಾ, ಶಾಲೆ ಹೊಂದಿಸುವುದು ಹೇಗೆ?

ಜರ್ಮನಿಯಲ್ಲಿ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಹಗಲು ಆರೈಕೆಯ ಸೀಟು ಕಾನೂನುಬದ್ಧ ಹಕ್ಕು. 2013ರ ಆಗಸ್ಟ್ 1ರಿಂದ ಇದು ಜಾರಿಯಲ್ಲಿದೆ. ಶಾಲೆಗೆ ಸೇರುವ ಮುಂಚಿನ ಮಕ್ಕಳ ಈ ಆರೈಕೆ ಕೇಂದ್ರಕ್ಕೆ ಅಲ್ಲಿ ಕೀಟಾ ಎನ್ನುತ್ತಾರೆ. ಹಾಗೆಂದು ಮನೆ ಪಕ್ಕದಲ್ಲೇ ಸೀಟು ಕಾದಿರುವುದಿಲ್ಲ. ಬೆಂಗಳೂರಿನಿಂದ ಬರ್ಲಿನ್‌ಗೆ ಕೆಲಸಕ್ಕೆ ಹೊರಡುವವರು ವೀಸಾ, ಟಿಕೆಟ್, ಮನೆ ಎಲ್ಲ ಮುಗಿದ ಮೇಲೆ ಮಗುವಿನ ವಿಷಯಕ್ಕೆ ಕೈ ಹಾಕುವುದೇ ಹೆಚ್ಚು. ಅಲ್ಲಿನ ಪ್ರತಿ ಕಾಗದವೂ ಅದರ ಹಿಂದಿನ ಕಾಗದಕ್ಕಾಗಿ ಕಾಯುತ್ತದೆ. ಆದ್ದರಿಂದ ಹೊರಡುವ ಮೂರ್ನಾಲ್ಕು ತಿಂಗಳ ಮೊದಲೇ ಶುರು ಮಾಡಿ.

ಮೊದಲು ಇಲ್ಲಿ ಮುಗಿಸಬೇಕಾದ್ದು

ಜನನ ಪ್ರಮಾಣಪತ್ರ ತೆಗೆದು ನೋಡಿ. ಆಸ್ಪತ್ರೆಯಿಂದ ನೋಂದಣಿಯಾದ ಎಷ್ಟೋ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ. ನೋಂದಣಿ ಮಾಡಿದ ಕಚೇರಿಯಲ್ಲೇ ಹೆಸರು ಸೇರಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದು, ಜನನ ಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ಅದನ್ನೂ ಈಗಲೇ ಸರಿಮಾಡಿಸಿ. ಇನಿಷಿಯಲ್ ಎಂಬ ಪದ್ಧತಿಯೇ ಗೊತ್ತಿಲ್ಲದ ಗುಮಾಸ್ತರಿಗೆ ಇವು ಎರಡು ಬೇರೆ ಮಕ್ಕಳ ಹೆಸರಾಗಿ ಕಾಣುತ್ತವೆ.

ಇನ್ನು ಲಸಿಕೆ. 2020ರ ಮಾರ್ಚ್ 1ರಿಂದ ಜರ್ಮನಿಯಲ್ಲಿ ದಡಾರದ ಲಸಿಕೆ ಕಡ್ಡಾಯ: ಒಂದು ವರ್ಷ ದಾಟಿದ ಮಗುವಿಗೆ ಒಂದು ಡೋಸ್, ಎರಡು ದಾಟಿದ್ದರೆ ಎರಡು ಡೋಸ್ ಆಗಿರಬೇಕು. ಪುರಾವೆ ಇಲ್ಲದಿದ್ದರೆ ಕೀಟಾ ಮಗುವನ್ನು ಒಳಗೆ ಸೇರಿಸುವಂತಿಲ್ಲ. ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ 16ರಿಂದ 24 ತಿಂಗಳ ನಡುವೆ ಬರುತ್ತದೆ. ಅದು ಬಾಕಿಯಿದ್ದರೆ, ಯಾವಾಗ ಹಾಕಿಸಬೇಕೆಂದು ಮಕ್ಕಳ ವೈದ್ಯರನ್ನು ಕೇಳಿ. ತಾಯಿ ಕಾರ್ಡ್‌ನಲ್ಲಿ ಬರೀ ಟಿಕ್ ಗುರುತು ಇದ್ದರೆ ಸಾಲದು. ಲಸಿಕೆಯ ಹೆಸರು, ದಿನ, ತಿಂಗಳು, ವರ್ಷ, ವೈದ್ಯರ ಸಹಿ, ಮೊಹರು ಇರುವ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ.

ಇಳಿದ ಮೇಲೆ: ವಿಳಾಸವೇ ಬೀಗದ ಕೈ

ಮನೆಗೆ ಹೋದ 14 ದಿನಗಳೊಳಗೆ ವಿಳಾಸ ನೋಂದಣಿ ಆಗಬೇಕು. ಇದಕ್ಕೆ ಅನ್ಮೆಲ್ಡುಂಗ್ ಎನ್ನುತ್ತಾರೆ. ಮನೆ ಮಾಲೀಕರು ಸಹಿ ಹಾಕಿದ ವಾಸದ ದೃಢೀಕರಣ ಬೇಕು. ಬಾಡಿಗೆ ಕರಾರು ಮಾತ್ರ ತೋರಿಸಿದರೆ ಸಾಲದು. ತಾತ್ಕಾಲಿಕ ಫ್ಲಾಟ್ ಹಿಡಿಯುವಾಗಲೇ "ನೋಂದಣಿಗೆ ಪತ್ರ ಕೊಡುತ್ತೀರಾ?" ಎಂದು ಕೇಳಿಬಿಡಿ. ಕೊಡದ ಮನೆ ಅಗ್ಗವಾದರೂ ಬೇಡ.

ಸಣ್ಣದಾಗಿ ಕಾಣುವ ಇನ್ನೊಂದು ಕೆಲಸ: ಅಂಚೆ ಡಬ್ಬಿಯ ಮೇಲೆ ಮನೆಯ ಎಲ್ಲರ ಕುಲನಾಮ ಅಂಟಿಸಿ. ಗಂಡ, ಹೆಂಡತಿ, ಮಗು ಮೂವರದೂ ಬೇರೆ ಬೇರೆ ಆಗಿದ್ದರೆ ಮೂರನ್ನೂ ಬರೆಯಿರಿ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಮಗುವಿನ ತೆರಿಗೆ ಸಂಖ್ಯೆಯ ಕಾಗದ ವಾಪಸ್ ಹೋಗುತ್ತದೆ. ಆ ಸಂಖ್ಯೆ ಇಲ್ಲದೆ ಕಿಂಡರ್‌ಗೆಲ್ಡ್ ಎಂಬ ಮಕ್ಕಳ ಭತ್ಯೆ ಬಾರದು. 2025ರಲ್ಲಿ ಅದು ಮಗುವಿಗೆ ತಿಂಗಳಿಗೆ 255 ಯೂರೊ ಇತ್ತು. ಹಿಂದಿನ ಬಾಕಿ ಸಿಗುವುದು ಆರು ತಿಂಗಳಿನದು ಮಾತ್ರ, ಅದಕ್ಕೇ ತಡಮಾಡಬೇಡಿ.

ಗುಟ್ಶೈನ್, ಆಮೇಲೆ ಸೀಟು

ಬರ್ಲಿನ್‌ನಲ್ಲಿ ಕೀಟಾ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಅದಕ್ಕೊಂದು ವೋಚರ್ ಇದೆ, ಕೀಟಾ-ಗುಟ್ಶೈನ್. ನಿಮ್ಮ ಬಡಾವಣೆಯ ಯೂಗೆಂಡ್‌ಆಮ್ಟ್, ಅಂದರೆ ಮಕ್ಕಳ ಕಲ್ಯಾಣ ಕಚೇರಿಗೆ ಅರ್ಜಿ ಹಾಕಬೇಕು. ಮಗು ಸೇರುವ ದಿನಕ್ಕೆ ಒಂಬತ್ತು ತಿಂಗಳಿಗಿಂತ ಮುಂಚೆ ಬೇಡ, ಎರಡು ತಿಂಗಳಿಗಿಂತ ತಡವೂ ಬೇಡ. ಈಗಷ್ಟೇ ಬಂದು ಕೆಲಸ ಶುರುಮಾಡುವವರು ಉದ್ಯೋಗದಾತರ ಪತ್ರ ಲಗತ್ತಿಸಿ ತುರ್ತೆಂದು ಬರೆಯಿರಿ. ದಿನವಿಡೀ ಆರೈಕೆಯೆಂದರೆ ಏಳರಿಂದ ಒಂಬತ್ತು ಗಂಟೆ; ಅದಕ್ಕೆ ಅಪ್ಪ ಅಮ್ಮ ಇಬ್ಬರಿಗೂ ಅಗತ್ಯವಿದೆ ಎಂದು ತೋರಿಸಬೇಕು. ಕೆಲಸವೇ ಆಗಬೇಕೆಂದಿಲ್ಲ, ಜರ್ಮನ್ ಕಲಿಯುವ ಕೋರ್ಸೂ ನಡೆಯುತ್ತದೆ. ಇನ್ನೂ ಕೆಲಸ ಸಿಗದ ತಾಯಂದಿರಿಗೆ ಇದು ದೊಡ್ಡ ಅನುಕೂಲ. ಗೊತ್ತಿಲ್ಲದೆ ಬಿಟ್ಟವರೇ ಹೆಚ್ಚು.

ಗುಟ್ಶೈನ್ ಕೈಗೆ ಬಂದರೆ ಸೀಟು ಸಿಕ್ಕಿತೆಂದಲ್ಲ. ಸೀಟನ್ನು ನೀವೇ ಹುಡುಕಿ ಕೀಟಾ ಜೊತೆ ಕರಾರು ಮಾಡಿಕೊಳ್ಳಬೇಕು. ಈ ಹುಡುಕಾಟವನ್ನು ಮಾತ್ರ ಬೆಂಗಳೂರಿನಿಂದಲೇ ಶುರುಮಾಡಬಹುದು. ಕೀಟಾ-ನಾವಿಗೇಟರ್ ಎಂಬ ಸರ್ಕಾರಿ ತಾಣದಲ್ಲಿ ಪಟ್ಟಿ ಇದೆ. ಮನೆಯ ಸುತ್ತ ಒಂದೆರಡು ಕಿಲೋಮೀಟರ್ ಒಳಗಿನ ಹದಿನೈದು ಇಪ್ಪತ್ತು ಕೀಟಾಗಳಿಗೆ ಜರ್ಮನ್‌ನಲ್ಲಿ ನಾಲ್ಕೇ ಸಾಲು ಬರೆಯಿರಿ: ಮಗುವಿನ ಹುಟ್ಟಿದ ದಿನ, ಬೇಕಾದ ತಿಂಗಳು, ದಿನಕ್ಕೆ ಎಷ್ಟು ಗಂಟೆ, ಮನೆಯಲ್ಲಿ ಆಡುವ ಭಾಷೆ. ಉತ್ತರ ಬಾರದಿದ್ದರೆ ಎರಡು ವಾರದ ಮೇಲೆ ಫೋನ್ ಮಾಡಿ. ದೊಡ್ಡ ಮಕ್ಕಳು ಶಾಲೆಗೆ ಹೋಗುವ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸೀಟು ತೆರವಾಗುತ್ತವೆ; ಫೆಬ್ರವರಿಯಲ್ಲಿ ಬಂದಿಳಿದವರಿಗೆ ಕಷ್ಟ ಜಾಸ್ತಿ. ಈಚಿನ ವರ್ಷಗಳಲ್ಲಿ ಜನನ ಇಳಿದು, ಹಲವು ಬಡಾವಣೆಗಳಲ್ಲಿ ಮೊದಲಿನ ಬಿಗಿ ಸಡಿಲವಾಗಿದೆ. ತೀರಾ ಪುಟ್ಟ ಮಗುವಾದರೆ ಟಾಗೆಸ್‌ಮುಟರ್ ಬಳಿಯೂ ವಿಚಾರಿಸಿ. ಪರವಾನಗಿ ಪಡೆದ ಈ ಪಾಲಕಿ ಒಟ್ಟಿಗೆ ಐದು ಮಕ್ಕಳನ್ನು ಮಾತ್ರ ನೋಡಿಕೊಳ್ಳುತ್ತಾರೆ. ಅದೇ ಗುಟ್ಶೈನ್ ಅಲ್ಲೂ ನಡೆಯುತ್ತದೆ.

ಕೈಯಿಂದ ಕೊಡಬೇಕಾದದ್ದು ಊಟಕ್ಕೆ ತಿಂಗಳಿಗೆ 23 ಯೂರೊ, ಜೊತೆಗೆ ಕೆಲವೆಡೆ ಬೆಳಗಿನ ತಿಂಡಿಯಂಥವಕ್ಕೆ ಹೆಚ್ಚುವರಿ. "ವೆಜಿಟೇರಿಯನ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮಾಂಸ, ಮೀನು, ತಿನ್ನದವರಾದರೆ ಮೊಟ್ಟೆ, ಮತ್ತು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್ ಕೊಡಬೇಡಿ ಎಂದು ಬರೆದು ಕೊಡಿ. ಹುಟ್ಟುಹಬ್ಬಕ್ಕೆ ಹಂಚುವ ಬಣ್ಣದ ಜೆಲ್ಲಿ ಮಿಠಾಯಿಯಲ್ಲಿ ಅದು ಇರುತ್ತದೆ.

ಹೊಂದಿಕೊಳ್ಳುವ ವಾರಗಳು

ಲೆಕ್ಕ ತಪ್ಪುವುದು ಇಲ್ಲೇ. ಮೊದಲ ದಿನವೇ ಮಗುವನ್ನು ಬಿಟ್ಟು ಆಫೀಸಿಗೆ ಓಡುವ ಪದ್ಧತಿ ಅಲ್ಲಿಲ್ಲ. ಬರ್ಲಿನ್ ಮಾದರಿಯೆಂದೇ ಹೆಸರಾದ ಕ್ರಮದಲ್ಲಿ ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆ ಒಂದು ಗಂಟೆ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕೂರುತ್ತಾರೆ. ನಾಲ್ಕನೇ ದಿನ "ಹೋಗಿ ಬರ್ತೀನಿ ಪುಟ್ಟಾ" ಎಂದು ಹೇಳಿಯೇ ಹೊರಗೆ ಹೋಗಬೇಕು, ಕಣ್ತಪ್ಪಿಸಿ ಜಾರಿಕೊಳ್ಳುವಂತಿಲ್ಲ. ಹೆಚ್ಚೆಂದರೆ ಅರ್ಧ ಗಂಟೆ. ಅತ್ತ ಮಗು ಶಿಕ್ಷಕಿಯ ತೋಳಿನಲ್ಲಿ ಸಮಾಧಾನವಾದರೆ ಸಮಯ ಹಿಗ್ಗುತ್ತದೆ, ಆಗದಿದ್ದರೆ ಎರಡು ದಿನ ಮತ್ತೆ ಮೊದಲಿನಂತೆ. ಒಂದಿಡೀ ತಿಂಗಳು ಎತ್ತಿಡಿ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರುವ ಏರ್ಪಾಡು ಮಾಡಿಕೊಂಡರೆ ನಲುಗುವುದು ಮಗು. ಜರ್ಮನ್ ಬೇಗ ಬರಲೆಂದು ಮನೆಯಲ್ಲಿ ಕನ್ನಡ ಬಿಡಬೇಡಿ, ಹೊಸ ಊರಿನಲ್ಲಿ ಮಗುವಿಗೆ ಉಳಿದಿರುವ ಪರಿಚಿತ ದನಿ ಅದೊಂದೇ.

ಚೀಲದಲ್ಲಿ ಮಳೆ ಪ್ಯಾಂಟು, ರಬ್ಬರ್ ಬೂಟು, ಒಳಗೆ ಹಾಕುವ ಚಪ್ಪಲಿ, ಎರಡು ಜೊತೆ ಬಟ್ಟೆ, ಎಲ್ಲದರ ಮೇಲೂ ಹೆಸರು. ಜಿಟಿಜಿಟಿ ಮಳೆಯಲ್ಲೂ ಮಕ್ಕಳನ್ನು ಹೊರಗೆ ಬಿಡುತ್ತಾರೆ, ಗಾಬರಿಯಾಗಬೇಡಿ.

ಆರು ತುಂಬಿದವರಿಗೆ ಶಾಲೆ

ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಗು ಬರ್ಲಿನ್‌ನಲ್ಲಿ ಆ ವರ್ಷವೇ ಒಂದನೇ ತರಗತಿಗೆ ಹೋಗಬೇಕು. ಶಾಲೆ ಕಡ್ಡಾಯ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಲು ಅವಕಾಶವಿಲ್ಲ. ಒಂದನೇ ತರಗತಿಯ ದಾಖಲಾತಿ ಹಿಂದಿನ ವರ್ಷದ ಶರತ್ಕಾಲದಲ್ಲೇ ನಡೆಯುತ್ತದೆ. ನಡುವೆ ಬಂದವರು ಬಡಾವಣೆಯ ಶಾಲಾ ಕಚೇರಿಗೆ ಹೋಗಬೇಕು. ಜರ್ಮನ್ ಬಾರದ ದೊಡ್ಡ ಮಕ್ಕಳಿಗೆ ಮೊದಲು ಭಾಷೆ ಕಲಿಸುವ ಸ್ವಾಗತ ತರಗತಿಗಳಿವೆ. ಒಂದು, ಎರಡನೇ ತರಗತಿಯ ಪುಟ್ಟವರು ಸಾಮಾನ್ಯವಾಗಿ ನೇರ ಎಲ್ಲರ ಜೊತೆಗೇ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ; ಆರನೇ ತರಗತಿಯವರೆಗೆ ಮಧ್ಯಾಹ್ನದ ಊಟವೂ ಉಚಿತ. ಕಳೆದ ಎರಡು ವರ್ಷದ ಅಂಕಪಟ್ಟಿ ಇಂಗ್ಲಿಷಿನಲ್ಲಿರಲಿ, ಟಿ.ಸಿ. ಮೂಲಪ್ರತಿ ಜೊತೆಗಿರಲಿ.

ಎಂಟನೇ ತರಗತಿಯವರೆಗಿನ ಮಕ್ಕಳನ್ನು ಧೈರ್ಯವಾಗಿ ಸರ್ಕಾರಿ ಶಾಲೆಗೆ ಸೇರಿಸಬಹುದು. ಒಂಬತ್ತು, ಹತ್ತರಲ್ಲಿರುವವರ ವಿಷಯ ಬೇರೆ: ಹೊಸ ಭಾಷೆಯಲ್ಲಿ ವಿಜ್ಞಾನ ಬರೆದು ಪಾಸಾಗುವಷ್ಟು ಸಮಯ ಅವರ ಕೈಯಲ್ಲಿಲ್ಲ. ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಶುಲ್ಕ ವರ್ಷಕ್ಕೆ ಹತ್ತು ಸಾವಿರ ಯೂರೊ ದಾಟುವುದು ಸಾಮಾನ್ಯ. ಕಂಪನಿ ಅದನ್ನು ಭರಿಸುತ್ತದೆಯೇ ಎಂಬ ಮಾತು ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಆಗಲಿ. ಇಲ್ಲವೆಂದಾದರೆ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಗು ಅಜ್ಜಿ ತಾತನ ಬಳಿ ಇಲ್ಲೇ ಇರಬೇಕೆ ಎಂಬುದನ್ನು ಮಗುವನ್ನೂ ಕೂರಿಸಿಕೊಂಡು ಮಾತಾಡಿ.