ಕತ್ತಲ ಕೋಣೆಯಲ್ಲಿ ಬಿರುಕು ಹುಡುಕುವ ಕೆಲಸ: ನನ್ನ ಅನುಭವ

ವಿಮಾನದ ಜೆಟ್ ಎಂಜಿನ್‌ಗಳನ್ನು ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡುವ ಬೆಂಗಳೂರಿನ ಒಂದು ಶಾಪ್‌ನಲ್ಲಿ ನಾನು ಎನ್‌ಡಿಟಿ (ನಾನ್‌-ಡಿಸ್ಟ್ರಕ್ಟಿವ್ ಟೆಸ್ಟಿಂಗ್) ಇನ್‌ಸ್ಪೆಕ್ಟರ್. ಬಿಡಿಭಾಗಗಳನ್ನು ಕತ್ತರಿಸದೆ, ಕೆಡಿಸದೆ, ಅವುಗಳಲ್ಲಿ ಬಿರುಕಿದೆಯೇ ಎಂದು ನೋಡಿ ಸಹಿ ಹಾಕುವುದು ನನ್ನ ಹೊಣೆ. ಇದಕ್ಕೆ ಹಲವು ವಿಧಾನಗಳಿದ್ದರೂ ನನ್ನ ಹೆಚ್ಚಿನ ವೇಳೆ ಕಳೆಯುವುದು ಫ್ಲೋರೊಸೆಂಟ್ ಪೆನೆಟ್ರಂಟ್ ಪರೀಕ್ಷೆಯಲ್ಲಿ. ನಮ್ಮ ಬಾಯಲ್ಲಿ ಅದು ಎಫ್‌ಪಿಐ.

ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆಯೇ ಪೆನೆಟ್ರಂಟ್ ಎಂಬ ದ್ರವವು ಕೂದಲೆಳೆಗಿಂತ ಸಣ್ಣ ಬಿರುಕಿನೊಳಕ್ಕೂ ತಾನಾಗಿ ಸೇರಿಕೊಳ್ಳುತ್ತದೆ. ಮೇಲೆ ಉಳಿದದ್ದನ್ನು ತೊಳೆದು, ಒಣಗಿಸಿ, ಬಿಳಿಯ ಡೆವಲಪರ್ ಪುಡಿ ಹಾಕಿದರೆ ಒಳಗಿನ ದ್ರವ ಹೊರಕ್ಕೆ ಒಸರಿ, ಬ್ಲ್ಯಾಕ್ ಲೈಟ್ ಎಂದು ನಾವು ಕರೆಯುವ ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಳದಿ ಬೆರೆತ ಹಸಿರು ಗೆರೆಯಾಗಿ ಬೆಳಗುತ್ತದೆ. ಈ ಗೆರೆ ಕಾಣುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಭಾಗವು ಕತ್ತಲ ಕೋಣೆಗೆ ಬರುವ ಮೊದಲೇ. ಬಿರುಕಿನ ಬಾಯಲ್ಲಿ ಎಣ್ಣೆ, ಮಸಿ ಅಥವಾ ತೊಳೆದ ನೀರಿನ ಹನಿ ಉಳಿದಿದ್ದರೆ ಪೆನೆಟ್ರಂಟ್‌ಗೆ ಒಳಹೋಗಲು ಜಾಗವಿರುವುದಿಲ್ಲ. ಮೇಲ್ಮೈಯನ್ನು ಮರಳಿನಂಥ ಗಟ್ಟಿ ಕಣಗಳಿಂದ ಉಜ್ಜಿದ್ದರೆ ಮೆತುವಾದ ಲೋಹ ಸವರಿಕೊಂಡು ಬಿರುಕಿನ ಬಾಯನ್ನೇ ಮುಚ್ಚಿಬಿಡುತ್ತದೆ. ತೊಳೆಯುವವರು ಅವಸರದಲ್ಲಿ ಹೆಚ್ಚು ತೊಳೆದರೆ ಒಳಗಿನ ದ್ರವವೂ ಕೊಚ್ಚಿಹೋಗುತ್ತದೆ. ಆದ್ದರಿಂದ ಕ್ಲೀನಿಂಗ್ ವಿಭಾಗದವರ ಜತೆ ಮಾತನಾಡಿ, ಭಾಗವು ಯಾವ ಹಂತಗಳನ್ನು ದಾಟಿ ಬಂದಿದೆ ಎಂದು ಕೇಳಿ ತಿಳಿದುಕೊಳ್ಳುವುದನ್ನು ನಾನು ಪರೀಕ್ಷೆಯ ಭಾಗವೆಂದೇ ಎಣಿಸುತ್ತೇನೆ.

ಈ ಕೆಲಸಕ್ಕೆ ಬರುವ ಹೊಸಬರಿಗೆ ನಾನು ತಪ್ಪದೆ ಹೇಳುವ ಪ್ರಕರಣವೊಂದಿದೆ. 1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ 232 ಡಿಸಿ-10 ವಿಮಾನದ ಬಾಲದ ಎಂಜಿನ್‌ನಲ್ಲಿ ಫ್ಯಾನ್‌ನ ಅಲಗುಗಳನ್ನು ಹಿಡಿದಿಡುವ ಟೈಟಾನಿಯಂ ಚಕ್ರ, ಅಂದರೆ ಫ್ಯಾನ್ ಡಿಸ್ಕ್, ಸಿಡಿದು, ಅದರ ಚೂರುಗಳಿಂದ ವಿಮಾನವನ್ನು ತಿರುಗಿಸಲು, ಏರಿಳಿಸಲು ಬೇಕಾದ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ನಿಷ್ಕ್ರಿಯವಾದವು. ಉಳಿದೆರಡು ಎಂಜಿನ್‌ಗಳ ಥ್ರಾಟಲ್ ಮಾತ್ರ ಬಳಸಿ ಪೈಲಟ್‌ಗಳು ವಿಮಾನವನ್ನು ಸೂ ಸಿಟಿಗೆ ತಂದರು. 296 ಜನರಲ್ಲಿ 184 ಮಂದಿ ಬದುಕುಳಿದರು. ಲೋಹವನ್ನು ಕರಗಿಸುವಾಗಲೇ ಸೇರಿಕೊಂಡಿದ್ದ ಒಂದು ಗಡಸು ದೋಷದಿಂದ ಡಿಸ್ಕ್‌ನ ನಡುರಂಧ್ರದಲ್ಲಿ, ಅಂದರೆ ಬೋರ್‌ನಲ್ಲಿ, ಬಿರುಕು ಹುಟ್ಟಿತ್ತು. ಅಪಘಾತಕ್ಕೆ 760 ಹಾರಾಟಗಳ ಹಿಂದೆ ಅದೇ ಡಿಸ್ಕ್‌ಗೆ ಎಫ್‌ಪಿಐ ನಡೆದಿತ್ತು. ಆಗ ಆ ಬಿರುಕು ಮೇಲ್ಮೈಯಲ್ಲಿ ಸುಮಾರು ಅರ್ಧ ಇಂಚು ಉದ್ದವಿದ್ದಿರಬೇಕೆಂದು ತನಿಖಾಧಿಕಾರಿಗಳು ಲೆಕ್ಕಹಾಕಿದರು. ಅರ್ಧ ಇಂಚು ನಮ್ಮ ಕೆಲಸದಲ್ಲಿ ದೊಡ್ಡ ಗೆರೆಯೇ. ಡಿಸ್ಕನ್ನು ಬೋರ್ ಮೂಲಕ ಹಾಯಿಸಿದ ಕೇಬಲ್‌ನಿಂದ ತೂಗುಹಾಕಿ ಪರೀಕ್ಷಿಸುವ ಪದ್ಧತಿಯಿದ್ದುದರಿಂದ, ಕೇಬಲ್ ತಾಗಿದ ಜಾಗ ಮರೆಯಾಗಿ ಉಳಿದಿರುವ ಸಾಧ್ಯತೆಯನ್ನೂ ತನಿಖೆ ಪರಿಗಣಿಸಿತು.

ನನ್ನ ಕೈಕೆಲಸದ ಕ್ರಮ ರೂಪುಗೊಂಡದ್ದು ಈ ತಿಳಿವಳಿಕೆಯ ಮೇಲೆ. ಶಿಫ್ಟ್ ಆರಂಭದಲ್ಲಿ, ನಕ್ಷತ್ರಾಕಾರದ ಐದು ಬಿರುಕುಗಳಿರುವ ಪರೀಕ್ಷಾ ಫಲಕವನ್ನು ಇಡೀ ಪ್ರಕ್ರಿಯೆಯಲ್ಲಿ ಹಾಯಿಸಿ, ಕಾಣಬೇಕಾದ ನಕ್ಷತ್ರಗಳು ಕಾಣುತ್ತಿವೆಯೇ ಎಂದು ನೋಡುತ್ತೇನೆ; ಕಾಣದಿದ್ದರೆ ಆ ದಿನ ಯಾವ ಭಾಗವೂ ಮುಂದೆ ಹೋಗುವುದಿಲ್ಲ. ಬೂತ್‌ಗೆ, ಅಂದರೆ ಕತ್ತಲ ಕೋಣೆಗೆ, ಹೋದ ಮೇಲೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂರುತ್ತೇನೆ. ಬೆಳಕಿಗೆ ಬಣ್ಣ ಬದಲಿಸುವ ಕನ್ನಡಕಕ್ಕೆ ಅಲ್ಲಿ ಅವಕಾಶವಿಲ್ಲ, ಏಕೆಂದರೆ ಬ್ಲ್ಯಾಕ್ ಲೈಟ್‌ಗೆ ಅದರ ಗಾಜು ಕಪ್ಪಾಗುತ್ತದೆ.

ಡಿಸ್ಕ್ ಆದರೆ ಅಂಚಿನಲ್ಲಿ ಒಂದು ಗುರುತು ಮಾಡಿ, ಅಲ್ಲಿಂದ ಹೊರಟು ಪೂರ್ತಿ ಸುತ್ತು ನೋಡಿ, ಆಧಾರ ಕೊಟ್ಟ ಜಾಗವನ್ನು ಬದಲಿಸಿ, ಮೊದಲು ಮುಚ್ಚಿದ್ದ ಕಡೆಯನ್ನು ಮತ್ತೆ ನೋಡುತ್ತೇನೆ. ಬೋಲ್ಟ್ ರಂಧ್ರದ ಅಂಚಿನಲ್ಲಿ ಗೆರೆ ಹೊಳೆದರೆ ಅದು ಬಟ್ಟೆಯ ನೂಲೂ ಆಗಿರಬಹುದು. ದ್ರಾವಕದಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಒಂದೇ ಸಲ ಒರೆಸಿ, ಮತ್ತೆ ಡೆವಲಪರ್ ಹಾಕಿ ಕಾಯುತ್ತೇನೆ. ನೂಲಾಗಿದ್ದರೆ ಅದು ಹೋಗಿರುತ್ತದೆ. ಬಿರುಕಾಗಿದ್ದರೆ ಅದೇ ಜಾಗದಲ್ಲಿ ಗೆರೆ ನಿಧಾನವಾಗಿ ಮರಳಿ ಮೂಡುತ್ತದೆ, ಆಗ ಭಾಗಕ್ಕೆ ಕೆಂಪು ಟ್ಯಾಗ್ ಕಟ್ಟಿ ಲೋಹದಲ್ಲಿ ಸುಳಿಯುವ ವಿದ್ಯುತ್ ಪ್ರವಾಹದಿಂದ ಬಿರುಕು ಪತ್ತೆಹಚ್ಚುವ ಎಡ್ಡಿ ಕರೆಂಟ್ ಪರೀಕ್ಷೆಗೆ ಕಳುಹಿಸುತ್ತೇನೆ.

ಶಿಫ್ಟ್ ಮುಗಿದಾಗ ಅರ್ಧ ನೋಡಿದ ಡಿಸ್ಕನ್ನು ನಾನು ಯಾರಿಗೂ ವಹಿಸುವುದಿಲ್ಲ. ಉಳಿದು ಮುಗಿಸುತ್ತೇನೆ, ಇಲ್ಲವೇ ಗುರುತನ್ನು ಅಳಿಸಿ, ಮುಂದಿನವರು ಮೊದಲಿನಿಂದಲೇ ನೋಡಬೇಕೆಂದು ಕಾರ್ಡಿನಲ್ಲಿ ಬರೆದು ಹೋಗುತ್ತೇನೆ.