ಗುಣಪಡಿಸುವುದು ಕ್ಲೆರಿಕ್‌ನ ಮೊದಲ ಕೆಲಸವಲ್ಲ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ಕಟ್ಟುವ ಆಟ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ನಮ್ಮ ತಂಡದಲ್ಲಿ ಕ್ಲೆರಿಕ್ ಪಾತ್ರ ನನ್ನ ಪಾಲಿಗೆ ಬಂದದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ಕಾದಾಡುವ ಫೈಟರ್, ಹೊಂಚುಹಾಕುವ ರೋಗ್, ಮಂತ್ರವಾದಿ ವಿಝಾರ್ಡ್ ಮೂರಕ್ಕೂ ಆಗಲೇ ವಾರಸುದಾರರಿದ್ದರು. ಉಳಿದದ್ದು ಗಾಯಕ್ಕೆ ಮದ್ದು ಹಚ್ಚುವವಳ ಪಾತ್ರ. ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಊಟವಾದ ಮೇಲೆ ಆಟ. ಐದನೇ ಆವೃತ್ತಿಯ 2014ರ ನಿಯಮಗಳನ್ನೇ ಇಟ್ಟುಕೊಂಡಿದ್ದೇವೆ. 2024ರ ಪುಸ್ತಕದಲ್ಲಿ ಗುಣಪಡಿಸುವ ಮಂತ್ರಗಳಿಗೆ ಬಲ ಹೆಚ್ಚಿದೆ, ಹಾಗಾಗಿ ಅದರಲ್ಲಿ ಆಡುವವರಿಗೆ ನನ್ನ ಲೆಕ್ಕ ಸ್ವಲ್ಪ ಏರುಪೇರಾದೀತು.

ಲೆಕ್ಕ ಇಷ್ಟು. ಓಗರ್ ಎಂಬ ದೈತ್ಯನ ಗದೆಯ ಒಂದು ಏಟಿಗೆ ಪ್ರಾಣದ ಅಂಕಗಳಲ್ಲಿ ಸರಾಸರಿ 13 ಹೋಗುತ್ತದೆ. ಮೊದಲ ಹಂತದ ಸ್ಲಾಟ್ (ಎಣಿಸಿ ಕೊಟ್ಟ ಮಂತ್ರದ ಅವಕಾಶ) ಖರ್ಚು ಮಾಡಿ ನಾನು ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಿದರೆ ಎಂಟು ಮುಖದ ದಾಳದ ಜೊತೆ ನನ್ನ ಪಾತ್ರದ ಸಾಮರ್ಥ್ಯದ ಮೂರು ಸೇರಿ ಮರಳಿ ಬರುವುದು ಸರಾಸರಿ 7.5. ಗುಣಪಡಿಸುವುದರಲ್ಲೇ ಪಳಗಿದ ಲೈಫ್ ಡೊಮೈನ್ ಎಂಬ ಬಗೆಯ ಕ್ಲೆರಿಕ್‌ಗೆ ಇನ್ನೂ ಮೂರು ಸಿಗುತ್ತದೆ, ಆದರೂ ಸಾಲದು. ಅಂದರೆ ಪ್ರತಿ ಸುತ್ತಿನಲ್ಲೂ ಮದ್ದು ಹಚ್ಚುತ್ತ ಕುಳಿತರೆ ನನ್ನ ಸರದಿಯೂ ಹೋಯಿತು, ಸ್ಲಾಟೂ ಹೋಯಿತು, ಓಗರ್ ಮಾತ್ರ ಹಾಗೇ ನಿಂತಿರುತ್ತಾನೆ. ಅವನು ಎರಡು ಸುತ್ತು ಮೊದಲೇ ಸತ್ತರೆ ಆ ಏಟುಗಳು ಬೀಳುವುದೇ ಇಲ್ಲವಲ್ಲ! ಅದಕ್ಕಿಂತ ದೊಡ್ಡ ಚಿಕಿತ್ಸೆ ಯಾವುದೂ ಇಲ್ಲ.

ಅದಕ್ಕೇ ನನ್ನ ಮೊದಲ ಮಂತ್ರ ಬ್ಲೆಸ್. ಮೂವರಿಗೆ, ಒಂದು ನಿಮಿಷದವರೆಗೆ, ಪ್ರತಿ ದಾಳಿಗೂ ಪ್ರತಿ ಸೇವಿಂಗ್ ಥ್ರೋಗೂ (ಅಪಾಯದಿಂದ ಪಾರಾಗಲು ಹಾಕುವ ದಾಳ) ನಾಲ್ಕು ಮುಖದ ದಾಳವೊಂದು ಹೆಚ್ಚುವರಿ. ನೂರಕ್ಕೆ 50 ಸಲ ತಗಲುತ್ತಿದ್ದ ಏಟು 62.5 ಸಲ ತಗಲುತ್ತದೆ. ಯಾರಿಗೆ ಕೊಡಬೇಕು ಎನ್ನುವುದರಲ್ಲೇ ಜಾಣತನ ಇರುವುದು. ರೋಗ್‌ಗೆ ಖಂಡಿತ ಬೇಕು. ಅವನ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚುವರಿ ಪೆಟ್ಟು ಸರದಿಗೆ ಒಂದೇ ಬಾರಿ, ಗುರಿ ತಪ್ಪಿದರೆ ಸರದಿಯೇ ದಂಡ. ಫೈಟರ್‌ಗೂ ಬೇಕು. ವಿಝಾರ್ಡ್ ಹೆಚ್ಚಾಗಿ ಎದುರಾಳಿಯೇ ಸೇವಿಂಗ್ ಥ್ರೋ ಹಾಕುವಂಥ ಮಂತ್ರ ಬಿಡುವುದರಿಂದ ಅವನಿಗೆ ಅಷ್ಟು ಲಾಭವಿಲ್ಲ. ಮೂರನೆಯದನ್ನು ನಾನೇ ಇಟ್ಟುಕೊಳ್ಳುತ್ತೇನೆ, ಸ್ವಾರ್ಥಕ್ಕಲ್ಲ. ನನಗೆ ಏಟು ಬಿದ್ದಾಗಲೆಲ್ಲ ಕಾನ್ಸಂಟ್ರೇಶನ್, ಅಂದರೆ ಮಂತ್ರವನ್ನು ಹಿಡಿದಿಟ್ಟಿರುವ ಏಕಾಗ್ರತೆ, ಉಳಿಸಿಕೊಳ್ಳಲು ಸೇವಿಂಗ್ ಥ್ರೋ ಹಾಕಬೇಕು. ನಾನು ಸೋತರೆ ಮೂವರ ಬ್ಲೆಸ್ಸೂ ಒಟ್ಟಿಗೆ ಹೋಗುತ್ತದೆ. ಸುತ್ತ ಶತ್ರುಗಳಿದ್ದರೆ ನಾನು ಡಾಡ್ಜ್ ಮಾಡಿ, ಅಂದರೆ ಏಟು ತಪ್ಪಿಸಿಕೊಳ್ಳುವುದಕ್ಕೇ ಸರದಿ ಕೊಟ್ಟು, ಸುಮ್ಮನೆ ನಿಲ್ಲುವುದೂ ಉಂಟು. ನೋಡುವವರಿಗೆ ಸೋಮಾರಿತನದಂತೆ ಕಂಡರೂ ಅದು ಕೆಲಸವೇ.

ಬ್ಲೆಸ್ ಹಾಕಿದ ತಕ್ಷಣ ಆ ಪಿರಮಿಡ್ಡಿನಂಥ ದಾಳವನ್ನು ಒಬ್ಬೊಬ್ಬರ ಕೈಗೇ ಕೊಟ್ಟುಬಿಡುತ್ತೇನೆ. ಬಾಯಲ್ಲಿ ಹೇಳಿದರೆ ಎರಡನೇ ಸುತ್ತಿಗೆ ಎಲ್ಲರೂ ಮರೆಯುತ್ತಾರೆ. ಸ್ಲಾಟ್‌ಗಳ ಲೆಕ್ಕಕ್ಕೆ ಅಪ್ಪನ ತೀರ್ಥಹಳ್ಳಿ ತೋಟದ ಅಡಿಕೆ: ಮೂರನೇ ಹಂತದ ಕ್ಲೆರಿಕ್‌ಗೆ ಮೊದಲ ಹಂತದ ಸ್ಲಾಟ್‌ಗಳಿಗೆ ನಾಲ್ಕು ಚಾಲಿ, ಎರಡನೇ ಹಂತದವಕ್ಕೆ ಎರಡು ಕೆಂಪಡಿಕೆ. ಮಂತ್ರ ಹಾಕಿದಂತೆ ಒಂದೊಂದನ್ನೇ ಡಬ್ಬಿಗೆ ಹಾಕುತ್ತೇನೆ. ಮಳೆಗಾಲದಲ್ಲಿ ಕರೆಂಟು ಹೋಗಿ ಚಾರ್ಜಿಂಗ್ ದೀಪದ ಬೆಳಕಿನಲ್ಲಿ ಆಡುವಾಗಲೂ ನನ್ನ ಬಳಿ ಎಷ್ಟು ಉಳಿದಿದೆ ಎಂದು ಎಲ್ಲರಿಗೂ ಕಾಣುತ್ತದೆ, ಯಾರೂ ಕೇಳಬೇಕಾಗಿಲ್ಲ.

ಹಾಗಾದರೆ ಗುಣಪಡಿಸುವುದು ಯಾವಾಗ? ಒಬ್ಬರು ಸೊನ್ನೆಗೆ ಇಳಿದು ಬಿದ್ದಾಗ. ಒಂದೇ ಅಂಕ ಉಳಿದವನೂ ಪೂರ್ತಿ ಬಲದಿಂದಲೇ ಹೊಡೆಯುತ್ತಾನೆ, ಸೊನ್ನೆಯಾದವನ ಸರದಿ ಮಾತ್ರ ಖಾಲಿ. ಇಲ್ಲಿ ಹೀಲಿಂಗ್ ವರ್ಡ್ ಮಂತ್ರ ಬೇಕು: 60 ಅಡಿ ದೂರದಿಂದಲೇ ಆಗುತ್ತದೆ, ಬೋನಸ್ ಆ್ಯಕ್ಷನ್ ಎಂಬ ಚಿಕ್ಕ ಹೆಚ್ಚುವರಿ ಕ್ರಿಯೆ ಸಾಕು, ಕಾನ್ಸಂಟ್ರೇಶನ್ನೂ ಬೇಡ. ಮೊನ್ನೆ ರೋಗ್ ಆಡುವ ಚಿಕ್ಕಪ್ಪನ ಮಗ ಬಿದ್ದ ಕೂಡಲೇ, "ಅಕ್ಕಾ, ನನ್ನನ್ನು ಎಬ್ಬಿಸು!" ಎಂದು ಕೂಗಿದ. ನಾನು ಮೊದಲು ಸರದಿಯ ಪಟ್ಟಿ ನೋಡಿದೆ. ನನ್ನ ನಂತರ ಓಗರ್, ಆಮೇಲೆ ಅವನು. ಈಗಲೇ ಎಬ್ಬಿಸಿದರೆ ಓಗರ್ ಮತ್ತೆ ಮಲಗಿಸುತ್ತಾನೆ. ಆದರೆ ಓಗರ್ ಅವನ ಪಕ್ಕದಲ್ಲೇ ನಿಂತಿದ್ದ. ಪ್ರಜ್ಞೆ ಇಲ್ಲದವನಿಗೆ ಐದು ಅಡಿಯೊಳಗಿಂದ ತಗಲಿದ ಏಟು ಕ್ರಿಟಿಕಲ್ (ಭಾರೀ ಏಟು), ಅಂದರೆ ಎರಡು ಡೆತ್ ಸೇವ್ (ಬಿದ್ದವನು ಬದುಕುವನೋ ಇಲ್ಲವೋ ಎಂದು ಹಾಕುವ ದಾಳ) ಒಮ್ಮೆಗೇ ಸೋತಂತೆ. ಮೂರು ಸೋತರೆ ಪಾತ್ರ ಮುಗಿಯಿತು. ಹಾಗಾಗಿ ಎಬ್ಬಿಸಿದೆ. ಓಗರ್ ಪಕ್ಕದಲ್ಲಿ ಇಲ್ಲದಿದ್ದರೆ ಹುಡುಗ ಎಷ್ಟೇ ಗೋಗರೆದರೂ ಒಂದು ಸುತ್ತು ಕಾಯಿಸುತ್ತಿದ್ದೆ.

ಬೆಂಬಲದ ಪಾತ್ರ ಆಡುವವರಿಗೆ ಬರುವ ದೊಡ್ಡ ಚಟ ಇನ್ನೊಬ್ಬರ ಸರದಿಯನ್ನೂ ತಾವೇ ಆಡುವುದು. ಎಲ್ಲರ ಅಂಕ, ಎಲ್ಲರ ಜಾಗ ನಮಗೆ ಗೊತ್ತಿರುವುದರಿಂದ ನಾಲಿಗೆ ತುರಿಸುತ್ತದೆ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿಕೊಡುತ್ತಾರೆ, ವೇಷಧಾರಿಯ ಬದಲು ತಾವೇ ರಂಗಕ್ಕಿಳಿದು ಕುಣಿಯುವುದಿಲ್ಲ. ನಾನು "ನಿನ್ನ ಬಳಿ ನಾಲ್ಕರ ದಾಳ ಇದೆ" ಎಂದಷ್ಟೇ ನೆನಪಿಸಿ ಸುಮ್ಮನಾಗುತ್ತೇನೆ.

ಈಗ ತಂಡ ಐದನೇ ಹಂತಕ್ಕೆ ಬಂದಿದೆ. ಹೊಸದಾಗಿ ಸಿಕ್ಕ ಸ್ಪಿರಿಟ್ ಗಾರ್ಡಿಯನ್ಸ್ ಮಂತ್ರ ನನ್ನ ಸುತ್ತ 15 ಅಡಿಯೊಳಗೆ ಬಂದ ಶತ್ರುಗಳ ವೇಗವನ್ನು ಅರ್ಧಕ್ಕಿಳಿಸಿ, ಎಂಟು ಮುಖದ ಮೂರು ದಾಳಗಳಷ್ಟು ಪೆಟ್ಟು ಕೊಡುತ್ತದೆ. ಅದಕ್ಕೂ ಕಾನ್ಸಂಟ್ರೇಶನ್ ಬೇಕಾದ್ದರಿಂದ ಬ್ಲೆಸ್ ಜೊತೆ ನಡೆಯದು. ಶತ್ರು ಒಬ್ಬನೇ ಬಲಾಢ್ಯನಾದರೆ ಬ್ಲೆಸ್, ಗುಂಪಾಗಿ ಮುತ್ತಿಕೊಂಡರೆ ಸ್ಪಿರಿಟ್ ಗಾರ್ಡಿಯನ್ಸ್. ಸದ್ಯ ಹೀಗೆ ನಡೆಸುತ್ತಿದ್ದೇನೆ, ಫೈಟರ್ ಆಡುವ ಗೆಳೆಯನಿಗೆ ಇನ್ನೂ ಒಪ್ಪಿಗೆಯಾಗಿಲ್ಲ.